ಗೊಡ್ಡು ಪರಂಗಿ

ಹನಕೆರೆ
ಜುಲೈ 1946

ದುದ್ದದ ಮನೆಯ ಯಜಮಾನರಿಗೆ, ಬೆಳ್ಳಮ್ಮ ಮಾಡುವ ನಮಸ್ಕಾರಗಳು. ಹೆಸರು ಬರೆದಿಲ್ಲವೆಂದು ಬೇಸರ ಬೇಡ. ಗಂಡನ ಹೆಸರು ಹೆಂಡತಿ ಎತ್ತಿದರೆ ಅವನ ಆಯಸ್ಸು ಕುಗ್ಗುತ್ತದೆಂದು ನಿಮ್ಮ ಅವ್ವನೇ ಹೇಳಿಕೊಟ್ಟದ್ದು. ಮನೆ ಬಿಡಿಸಿದರೂ ಆ ಭಯ ಬಿಡಿಸಲಿಲ್ಲ.

ನಿಮ್ಮ ಕಾಗದ ತಲುಪಿತು. ನನ್ನ ಮೇಲೆ ತಂದುಕೊಂಡ ಚಲುವಮ್ಮನೂ ಗೊಡ್ಡೇ ಆದಳು, ಅವಳನ್ನು ಮದ್ದೂರಿನ ತೌರಿಗೆ ಕಳಿಸಿದ್ದಾಯಿತು, ಅವ್ವನಿಗೆ ಕೈಲಾಗುವುದಿಲ್ಲ, ನೀನೇ ಬಂದು ಮನೆ ನೋಡಿಕೊ, ಮಾಘಕ್ಕೆ ಇನ್ನೊಂದು ಹೆಣ್ಣು ತಂದರೂ ನಿನಗೇನೂ ತೊಂದರೆಯಿಲ್ಲ ಎಂದು ಬರೆದಿದ್ದೀರಿ. ನಿಜ ಹೇಳಲೇ? "ನೀನೇ ಬಂದು" ಎಂಬಲ್ಲಿಗೆ ನಿಲ್ಲಿಸಿ ಮತ್ತೆ ಮತ್ತೆ ಓದಿದೆ. ನಾಲ್ಕು ವರ್ಷದಿಂದ ನನ್ನನ್ನು ಯಾರೂ ಬಾ ಎಂದಿರಲಿಲ್ಲ. ಧಾರೆ ಸೀರೆ ಹೊರಗೆ ತೆಗೆದು ಬಿಸಿಲಿಗೂ ಹಾಕಿದೆ.

ಇಲ್ಲಿ ನಾನು ಬಲು ಒಂಟಿಯಾಗಿದ್ದೆ. ಇಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿರುವ ನಮ್ಮಣ್ಣ, "ಟೀಚರಮ್ಮ ಆಗವ್ವ, ಯಾರ ಅಂಗೂ ಬ್ಯಾಡ" ಎಂದು ಹಟ ಹಿಡಿದು ಮಂಡ್ಯದ ಹೈಸ್ಕೂಲಿಗೆ ಸೇರಿಸಿದ್ದಾನೆ. ಮದುವೆಗೆ ಮುಂಚೆ ಮಿಡ್ಲ್ ಸ್ಕೂಲು ಮುಗಿಸಿದ್ದೆನಲ್ಲ, ಅದು ಈಗ ಒದಗಿತು. ದಿನಾ ರೈಲಿನಲ್ಲಿ ಹೋಗಿಬರುತ್ತೇನೆ. ತರಗತಿಯ ಹುಡುಗಿಯರು ನನ್ನ ಕಾಲುಂಗುರ ನೋಡಿ "ಅತ್ತೆ" ಎನ್ನುತ್ತಾರೆ. ಕಪ್ಪೆ ಕುಯ್ಯುವ ದಿನ ಇಬ್ಬಿಬ್ಬರು ಒಂದೊಂದು ಹಲಗೆಯ ಮುಂದೆ ನಿಂತರು; ನನ್ನ ಜೊತೆ ಇದ್ದದ್ದು ಕಪ್ಪೆ ಮಾತ್ರ. ಇನ್ನೊಂದು ದಿನ ಈರುಳ್ಳಿಯ ತೆಳು ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದರು. ಸಾಲು ಸಾಲು ಗೂಡುಗಳು, ಗೂಡಿಗೊಂದೇ ಚುಕ್ಕೆ, ನಡುವೆ ಗೋಡೆ. ಜೀವ ಇರುವುದೆಲ್ಲ ಇಂಥ ಕೋಶಗಳಿಂದಲೇ ಆದದ್ದು ಎಂದರು ಮೇಷ್ಟ್ರು. ಮಿಕ್ಕವರು ಚಿತ್ರ ಬರೆದುಕೊಂಡರು. ನನಗೆ ಅಳು ಬಂತು.

ನಿಮಗೆ ಬರೆಯಬೇಕಾದದ್ದು ಹೂವಿನ ಪಾಠದ ವಿಚಾರ. ಮೇಷ್ಟ್ರು ಎರಡು ಬಗೆಯ ಪರಂಗಿ ಹೂ ತಂದಿದ್ದರು. ಒಂದು ದಪ್ಪನೆಯದು, ಬುಡದಲ್ಲಿ ಆಗಲೇ ಪುಟ್ಟ ಕಾಯಿಯ ರೂಪ. ಇನ್ನೊಂದು ಉದ್ದ ತೊಟ್ಟಿನಲ್ಲಿ ಜೋತಾಡುವ ಸಣ್ಣ ಹೂಗಳ ಗೊಂಚಲು. ಮೊದಲಿನದು ಹೆಣ್ಣು ಗಿಡದ್ದು, ಎರಡನೆಯದು ಗಂಡು ಗಿಡದ್ದಂತೆ. ಗಂಡು ಗಿಡ ಕಾಯಿ ಬಿಡುವುದಿಲ್ಲ. ಆದರೆ ಅದರ ಪರಾಗ ಬೀಳದಿದ್ದರೆ ಹೆಣ್ಣು ಗಿಡದಲ್ಲೂ ಕಾಯಿ ನಿಲ್ಲದಂತೆ.

ದುದ್ದದ ನಮ್ಮ ಹಿತ್ತಿಲು ಕಣ್ಣಿಗೆ ಕಟ್ಟಿತು. ಬಚ್ಚಲ ನೀರು ಕುಡಿದು ಸೂರಿಗೆ ಮುಟ್ಟಿದ್ದ ಪರಂಗಿ, ಮೈತುಂಬ ಹೂ ಇಳಿಬಿಟ್ಟರೂ ಒಂದು ಕಾಯಿ ಕಚ್ಚಲಿಲ್ಲ. ನಿಮ್ಮ ಅವ್ವ ನನ್ನ ಮುಖ ನೋಡಿಕೊಂಡೇ, "ಗೊಡ್ಡು ಮುಂಡೇದು, ಕಡ್ದಾಕ್ಲಾ ಮಗಾ, ಮನೇಗೆ ಒಂದೇ ಸಾಕು" ಎಂದರು. ನೀವು ಮಚ್ಚು ತಂದಿರಿ. ಮರುವರ್ಷ ಕೊಟ್ಟಿಗೆ ಪಕ್ಕದ ಗಿಡ, ಅಲ್ಲಿಯವರೆಗೆ ಚೆನ್ನಾಗಿ ಬಿಡುತ್ತಿದ್ದದ್ದು, ಹೂವೆಲ್ಲ ಉದುರಿಸಿ ಸುಮ್ಮನಾಯಿತು. ಅದಕ್ಕೂ ನನ್ನ ದೃಷ್ಟಿಯೇ ತಾಗಿತೆಂದರು. ನೋಡಿ, ಗೊಡ್ಡು ಗೊಡ್ಡು ಎಂದು ನೀವು ಕಡಿದದ್ದು ಗಂಡನ್ನು!

ನಾನು ಎದ್ದು ನಿಂತು ಕೇಳಿಯೇಬಿಟ್ಟೆ, ಒಂದಲ್ಲ, ಎರಡು ಹೆಣ್ಣು ಗಿಡವೂ ಕಾಯಿ ಕಚ್ಚದಿದ್ದರೆ ತಪ್ಪು ಯಾವುದರದು ಎಂದು. ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. "ಆಗ ಗಂಡು ಗಿಡವನ್ನೂ ಪರೀಕ್ಷೆ ಮಾಡಬೇಕಮ್ಮ" ಎಂದರು.

ಹಸು ಗೊಡ್ಡು, ಮರ ಗೊಡ್ಡು, ಹೆಂಗಸು ಗೊಡ್ಡು. ಗಂಡಸನ್ನು ಹಾಗೆಂದವರನ್ನು ನಾನು ಕೇಳಿಲ್ಲ. ಗಾದೆಯಲ್ಲೂ ಕುಣಿಯಲಾರದವಳೇ ನೆಲ ಡೊಂಕು ಎನ್ನುವುದು. ಕುಣಿಯಲಾರದವನು ಎಲ್ಲೂ ಇರಬಾರದೇ? ಕೋಪ ಬರುತ್ತಿದೆಯಲ್ಲವೇ? ನಿಮ್ಮ ಮನೆಯಲ್ಲಿದ್ದಷ್ಟು ದಿನವೂ ನನಗೆ ಬರುತ್ತಿತ್ತು, ಇಟ್ಟುಕೊಳ್ಳಲು ಜಾಗವಿರಲಿಲ್ಲ.

ನಾನು ಬರುವುದಿಲ್ಲ. ಬರಲು ಆಸೆಯಿಲ್ಲವೆಂದಲ್ಲ, ಆಸೆ ಇದೆ, ಸಂಜೆ ಹೊತ್ತು ಬಹಳ. ಆದರೆ ನಾನು ಬಂದು ಒಲೆ ಹಚ್ಚಿದರೆ, ಆ ಒಲೆಯ ಮುಂದೆಯೇ ಮೂರನೆಯವಳು ಅಳಬೇಕಾಗುತ್ತದೆ. ನೀವು ಮೊದಲು ಮೈಸೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿಕೊಳ್ಳಿ. ಅದಕ್ಕೆ ಮುಂಚೆ ಯಾರ ಮನೆಗಾದರೂ ಹೆಣ್ಣು ಕೇಳಲು ಹೋದಿರೋ, ನಿಮ್ಮ ಹಿಂದೆಯೇ ಬಂದು ಆ ಮನೆಯ ಜಗಲಿಯ ಮೇಲೆ ಕೂತು ಪರಂಗಿ ಪಾಠ ಒಪ್ಪಿಸುತ್ತೇನೆ. ಸೀರೆಯನ್ನು ಮಡಿಸಿ ಒಳಗಿಟ್ಟಿದ್ದೇನೆ.

ಅವ್ವನ ಮಂಡಿನೋವಿಗೆ ಹರಳೆಣ್ಣೆ ಬಿಸಿಮಾಡಿ ಹಚ್ಚಿ.

ಇಂತು,
ಬೆಳ್ಳಮ್ಮ

ಮರೆತಿದ್ದೆ: ಚಲುವಮ್ಮ ಮದ್ದೂರಿಗೆ ಹೋಗಿಲ್ಲ. ನೀವು ಮಂಡ್ಯದಲ್ಲಿ ಹತ್ತಿಸಿದ ರೈಲಿನಿಂದ ಇಲ್ಲೇ ಇಳಿದು, ಬೆಳ್ಳಕ್ಕನ ಮನೆ ಯಾವುದೆಂದು ನಮ್ಮಣ್ಣನನ್ನೇ ಕೇಳಿದಳು. ಈಗ ನನ್ನ ಚಾಪೆಯಲ್ಲಿ ಅರ್ಧ ಅವಳದು. ಲಕೋಟೆಯ ಮೇಲಿನ ಸೊಟ್ಟ ಅಕ್ಷರ ಅವಳದೇ. ನಾನು ಸ್ಲೇಟಿನಲ್ಲಿ ಬಿಡಿಬಿಡಿಯಾಗಿ ಬರೆದುಕೊಟ್ಟೆ, ಕೂಡಿಸಿ ನಿಮ್ಮ ಹೆಸರು ಮಾಡಿದವಳು ಅವಳು. ಬರೆದು ಮುಗಿಸಿ ಸ್ವಲ್ಪ ಹೊತ್ತು ಹೆದರಿಕೊಂಡು ಕೂತಿದ್ದಳು. ಆಮೇಲೆ, "ಏನೂ ಆಗ್ಲಿಲ್ಲ ಕಣಕ್ಕಾ" ಎಂದಳು.