ಭುವನೇಶ್ವರಿ ಬಾಯಿ ತೆರೆದಾಗ

ತಿರುವಲ್ಲಿಕೇಣಿ, ಮದರಾಸು
೯-೧೧-೧೯೫೮

ಚಿ| ಸೌ| ಊರ್ಮಿಳೆಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಕ್ಷೇಮವೋ ಅಲ್ಲವೋ, ಕಾಗದ ಓದಿ ನೀನೇ ತೀರ್ಮಾನಿಸು. ನಿನ್ನ ತಂಗಿ ವಾಸಂತಿಯನ್ನು ನೋಡಲು ಧಾರವಾಡದವರು ಬಂದಿದ್ದರು.

ಹುಡುಗ ಮುರಳೀಧರ, ಇಲ್ಲೇ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ವರದಕ್ಷಿಣೆ ಬೇಡವೆಂದ ಮನೆತನ. ಆದರೆ ನಿನ್ನ ತಂದೆ ಹೋದಮೇಲೆ ಮೆಸ್ಸು ನಡೆಸಿ ನಿಮ್ಮನ್ನು ಬೆಳೆಸಿದವಳು ನಾನು. "ಅನ್ನ ಸಾಕಮ್ಮ" ಎನ್ನುವವನೇ ಪಲ್ಯಕ್ಕೆ ಮತ್ತೆ ಮತ್ತೆ ಕೈಯೊಡ್ಡುವುದನ್ನು ಕಂಡಿದ್ದೇನೆ. ಹಾಗೇ ಆಯಿತು. ಹುಡುಗನ ತಂದೆ ವಿಷ್ಣುತೀರ್ಥರು ಏಕೀಕರಣಕ್ಕಾಗಿ ಲಾಠಿ ಏಟು ತಿಂದವರು. ಸೊಸೆ ಅಚ್ಚ ಕನ್ನಡ ಮಾತಾಡಬೇಕು, ಅದೊಂದೇ ಷರತ್ತು ಎಂದು ಬರುವ ಮೊದಲೇ ಬರೆದರು.

ನಮ್ಮವಳ ಕನ್ನಡ ನಿನಗೆ ಗೊತ್ತಲ್ಲ. "ಊಟಕ್ಕೆ ಬಾರೇ" ಎಂದರೆ ಬರುತ್ತಾಳೆ. "ವರೇನ್ ಮಾ" ಎನ್ನುತ್ತಾ ಬರುತ್ತಾಳೆ. ಬಾಯಿ ತೆರೆದರೆ ಸಂಬಂಧ ಹೋಯಿತು. ಹುಡುಗನೋ ಚಿನ್ನದಂಥವನು, ವಾಸಂತಿಗೂ ಒಪ್ಪಿಗೆ. ಬಿಡಲು ನನಗೆ ಮನಸ್ಸಿಲ್ಲ.

ಹಾಗಾಗಿ ಒಂದು ಉಪಾಯ ಮಾಡಿದೆ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬನ್ನಿ, ಹುಡುಗಿಯನ್ನು ಅಲ್ಲೇ ನೋಡಬಹುದು ಎಂದು ಅವರಿಗೆ ತಿಳಿಸಿ, ನಾಡಿನ ವೈಭವದ ಸ್ತಬ್ಧಚಿತ್ರದಲ್ಲಿ ವಾಸಂತಿಯನ್ನೇ ತಾಯಿ ಭುವನೇಶ್ವರಿಯಾಗಿ ನಿಲ್ಲಿಸಿದೆ. ಸ್ತಬ್ಧಚಿತ್ರದಲ್ಲಿ ಯಾರೂ ಉಸಿರೆತ್ತುವಂತಿಲ್ಲ ನೋಡು! ಸಂಘದವರು ಹೇಗೆ ಒಪ್ಪಿದರು ಎನ್ನಬೇಡ. ಅಂದಿನ ಅಡುಗೆ ನನ್ನದು.

ಬಿಳಿ ಪಂಚೆಗಳನ್ನು ಇಳಿಬಿಟ್ಟು ಜೋಗದ ಜಲಪಾತ ಮಾಡಿದರು. ಮರಳಿನ ಮೂಟೆಗೆ ಹಸಿರು ಸೀರೆ ಹೊದಿಸಿದ್ದು ಸಹ್ಯಾದ್ರಿಯಾಯಿತು. ಗೋಳಗುಮ್ಮಟಕ್ಕೆ ನಮ್ಮ ಮೆಸ್ಸಿನ ಕೊಪ್ಪರಿಗೆಯನ್ನೇ ಬೋರಲು ಹಾಕಿದರು. ಅದರಲ್ಲಿದ್ದ ಬೆಲ್ಲದ ಪಾಯಸವನ್ನು ಬೇರೆ ಪಾತ್ರೆಗೆ ಸುರಿದು, ಹೊತ್ತಾಯಿತೆಂದು ಸುಮ್ಮನೆ ನೀರು ತೋರಿಸಿ ಕೊಟ್ಟುಬಿಟ್ಟಿದ್ದೆ.

ತೆರೆ ಸರಿಯಿತು. ಮುಂದಿನ ಸಾಲಿನಲ್ಲಿದ್ದ ವಿಷ್ಣುತೀರ್ಥರು ಎದ್ದು ನಿಂತು ಕೈಮುಗಿದರು, ಕಣ್ಣು ತುಂಬಿತ್ತು. ಅವರ ಹೆಂಡತಿ ರಮಾಬಾಯಿ ನನ್ನ ಕಿವಿಯಲ್ಲಿ, "ಹುಡುಗಿ ಖರೇನ ದೇವಿ ಕಂಡಂಗ ಕಾಣ್ತಾಳ್ರೀ" ಎಂದರು. ನಾನು ಮನಸ್ಸಿನಲ್ಲೇ ಛತ್ರ ಗೊತ್ತು ಮಾಡಿ ಓಲಗದವರ ಹತ್ತಿರ ಚೌಕಾಸಿಗೆ ಇಳಿದಿದ್ದೆ.

ಅಷ್ಟರಲ್ಲಿ ಗೋಳಗುಮ್ಮಟದ ಬುಡದಿಂದ ಕೆಂಪಿರುವೆಯ ದಂಡು ಹೊರಟು ದೇವಿಯ ಪಾದ ಸೇರಿತು. ಪಾಪ, ಹುಡುಗಿ ಹಲ್ಲು ಕಚ್ಚಿಕೊಂಡು ನಿಂತಳು. ಕಿರೀಟ ನಡುಗಿತು. ಕಡೆಗೆ ಕನ್ನಡಾಂಬೆ ಬಾಯಿ ತೆರೆದಳು:

"ಐಯ್ಯೋ ಅಮ್ಮಾ! ಎರುಂಬು ಕಡಿಕ್ಕುದು ಮಾ!"

ಸ್ತಬ್ಧಚಿತ್ರ ವೇದಿಕೆಯಿಂದಿಳಿದು ಸಭೆಗೇ ಬಂದಂತಾಯಿತು. ಒಬ್ಬರೂ ಅಲುಗಲಿಲ್ಲ. ವಿಷ್ಣುತೀರ್ಥರ ಮುಗಿದ ಕೈ ಮುಗಿದಂತೆಯೇ ಇತ್ತು. "ಏನಿದು? ತಾಯಿ ತಮಿಳು ಮಾತಾಡ್ಲಿಕ್ಕತ್ತಾಳಲ್ಲಾ!" ಎಂದರು.

ಆಗ ಮುರಳೀಧರ ವೇದಿಕೆಗೆ ಜಿಗಿದ. ಹೆಗಲ ಶಲ್ಯದಿಂದ ಇರುವೆ ಕೊಡವುತ್ತಾ, "ಬಯಪ್ಪಡಾದೀಂಗ, ಕೊಂಜಂ ಅಸೈಯಾಮ ನಿಲ್ಲುಂಗ" ಎಂದ. ಹೆದರಬೇಡಿ, ಸ್ವಲ್ಪ ಅಲುಗದೆ ನಿಲ್ಲಿ ಎಂದು. ಮೈಲಾಪುರದಲ್ಲೇ ಹುಟ್ಟಿದವನ ಹಾಗೆ! ಮದರಾಸಿನಲ್ಲಿ ಕನ್ನಡವಲ್ಲದೆ ಇನ್ನೊಂದು ಮಾತು ತನ್ನ ನಾಲಿಗೆಗೆ ಬಂದಿಲ್ಲವೆಂದು ಊರಿಗೆ ಬರೆಯುತ್ತಿದ್ದವನು ಇವನೇ. ತಂದೆಗೆ ಇದು ಇನ್ನೊಂದು ಲಾಠಿ ಏಟು.

ಬಿಸಿ ಇರುವಾಗಲೇ ಬಡಿಸಬೇಕು. ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ: "ರಮಾಬಾಯಿಯವರೇ, ನಮ್ಮ ಹುಡುಗಿಗೆ ಕನ್ನಡ ಓಡೋದಿಲ್ಲ ಅಂತ ನಾನು ಹೇಳಲಿಲ್ಲ. ನಿಮ್ಮ ಹುಡುಗನಿಗೆ ತಮಿಳು ಓಡತ್ತೆ ಅಂತ ನೀವೂ ಹೇಳಲಿಲ್ಲ. ಅಲ್ಲಿಗಲ್ಲಿಗೆ ಸರಿಹೋಯ್ತಲ್ಲ?"

ರಮಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಿಲ್ಲ. ಗಂಡನ ಕಡೆ ತಿರುಗಿ, "ಕೂಡ್ರಿ ಇನ್ನ. ನಿಂತ್ರ ಇರವಿ ನಿಮಗೂ ಹತ್ತ್ಯಾವು" ಎಂದರು.

ಊಟದಲ್ಲಿ ವಿಷ್ಣುತೀರ್ಥರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಅದೇ ಪಾಯಸವನ್ನು ಎರಡನೆಯ ಸಲ ಬಡಿಸಿದಾಗ ತಲೆಯೆತ್ತಿದರು. "ಮದುವಿ ಆಗಲಿ. ಆದ್ರ ಅದರೊಳಗ ಹುಡುಗಿ ಕನ್ನಡ ಕಲೀಬೇಕು. ಇಂವನ ಕಲಿಸಲಿ. ಇಂವಗೂ ರೂಢಿ ತಪ್ಪೇದ."

ಮಾಘದಲ್ಲಿ ಲಗ್ನ. ಅಳಿಯಂದಿರಿಗೆ ಈಗಲೇ ರಜಕ್ಕೆ ಬರೆದುಕೊಳ್ಳಲು ಹೇಳು. ನೀನು ಒಂದು ವಾರ ಮುಂಚೆ ಬಾ. ಪಾತ್ರೆ ತೊಳೆಸುವ ಮೇಲ್ವಿಚಾರಣೆ ನಿನ್ನದು.

ಇಂತಿ ನಿನ್ನ ತಾಯಿ,
ಕೌಸಲ್ಯಾ

ಬರೆಯಲು ಮರೆತೆ: ಪಾಠ ಶುರುವಾಗಿದೆ. ಮುರಳೀಧರ ದಿನಾ ಸಂಜೆ ಬರುತ್ತಾನೆ. ಮೊದಲ ದಿನ ಅ ಆ ಇ ಈ ಕೇಳಿಸಿತು. ಈಗ ಒಳಗಿನಿಂದ ಬರೀ ನಗು, ನಡುವೆ ಮಾತು, ಅದಷ್ಟೂ ತಮಿಳು. ಬೀಗರು ಇನ್ನೂ ಊರಿಗೆ ಹೋಗಿಲ್ಲ, ತಾಂಬರಂನಲ್ಲಿ ರಮಾಬಾಯಿಯವರ ತಮ್ಮನ ಮನೆಯಲ್ಲಿದ್ದಾರೆ. ಯಾವ ರೈಲಿಗೆ ಬಂದಿಳಿಯುತ್ತಾರೋ ಗೊತ್ತಿಲ್ಲ. ಅದಕ್ಕೇ ಜಗಲಿಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವರ ತಲೆ ಬೀದಿಯ ತಿರುವಿನಲ್ಲಿ ಕಂಡರೆ ನಾನು ಕನ್ನಡದಲ್ಲಿ ಗಟ್ಟಿಯಾಗಿ ಕೆಮ್ಮಬೇಕು.