ಅಮ್ಮನ ಸೊನ್ನೆ

೧೮ ನವೆಂಬರ್ ೨೦೦೯, ಬುಧವಾರ
ಡೊಂಬಿವಲಿ

ಆ ಸೊನ್ನೆ ತಲೆಯಿಂದ ಹೋಗುತ್ತಿಲ್ಲ.

ಒಂಟಿತನದ ಬಗ್ಗೆ ಎಂ.ಎ.ಗೆ ಮಾಡುತ್ತಿರುವ ಸರ್ವೆಯ ಪ್ರಶ್ನೆಗಳನ್ನು ಸಂಜೆ ಮೊದಲು ಅಮ್ಮನಿಗೇ ಕೇಳಿದೆ. ಆಪ್ತ ಗೆಳತಿಯರು ಎಷ್ಟು?

“ನಂಗೆಲ್ಲಿಯ ಗೆಳತಿಯರು ಮಾರಾಯ್ತಿ? ಆಫೀಸು, ಮನೆ, ಅಷ್ಟೇ. ಸೊನ್ನೆ ಅಂತ ಬರಿ.”

ಬರೆದೆ. ಅಂಕ ಕೂಡಿಸಿದರೆ ಅಮ್ಮ ‘ತೀವ್ರ ಒಂಟಿ’ ಗುಂಪಿಗೆ ಬಂದಳು. ನನಗೆ ಅಳುವೇ ಬಂತು.

ಊಟದ ನಂತರ ನೋಡಿದರೆ ಅಮ್ಮ ಉಪವಾಸದ ಖಿಚಡಿಗೆ ಸಾಬುದಾನ ನೆನೆಹಾಕುತ್ತಿದ್ದಳು. ನಮ್ಮಲ್ಲಿ ನಾಳೆ ಯಾರಿಗೂ ಉಪವಾಸವಿಲ್ಲ.

“ಯಾರಿಗಮ್ಮ?”

“ವಿಠ್ಠಲವಾಡಿಯವಳಿಗೆ. ಟ್ರೇನಲ್ಲಿ ದಿನಾ ನಂಗೆ ಸೀಟು ಹಿಡಿತಾಳಲ್ಲ, ಅವಳು. ನಾಳೆ ಮಾರ್ಗಶಿರದ ಗುರುವಾರ, ಅವಳು ಏನೂ ತಿನ್ನದೆ ಬರ್ತಾಳೆ.”

“ಹೆಸರೇನು?”

ಅಮ್ಮ ಯೋಚಿಸಿದಳು. “ದೀದಿ ಅಂತ್ಲೇ ಕರೆಯುದು. ಆರು ವರ್ಷ ಆಯ್ತು, ಹೆಸರು ಕೇಳ್ಲೇ ಇಲ್ಲ ನೋಡು.”

“ಮತ್ತೆ ಅವಳು ಗೆಳತಿ ಅಲ್ವಾ?”

“ಛೆ, ಅವಳು ಟ್ರೇನಿನವಳು.”

ಉತ್ತರ ಕೊಟ್ಟವರ ಮಾತನ್ನು ನಾವು ತಿದ್ದಬಾರದು ಎಂದು ಸರ್ ಹೇಳಿದ್ದಾರೆ. ತಿದ್ದಿಲ್ಲ, ಸೊನ್ನೆ ಹಾಗೆಯೇ ಇದೆ. ಅಮ್ಮ ಶೇಂಗಾ ಹುರಿದಿಟ್ಟು, ಒಂದೇ ಒಂದು ಹಸಿಮೆಣಸು ತೆಗೆದಿಟ್ಟು ಮಲಗಿದ್ದಾಳೆ. ದೀದಿಗೆ ಖಾರ ಆಗುವುದಿಲ್ಲವಂತೆ.