ಅಲಂಕಾರದ ಕೆಂಪು ಚುಕ್ಕೆ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 12.50

ಬೆಳಗಿನಿಂದ ಇಪ್ಪತ್ತೆರಡು ದೂರು. ಹತ್ತೊಂಬತ್ತು ಇತ್ಯರ್ಥ. ಆನ್‌ಲೈನಿನಲ್ಲಿ ಹಳೆಯ ಸಾಮಾನು ಮಾರುವವರು ಬರೆದದ್ದೊಂದು, ಕೊಂಡವರ ಮನೆಗೆ ತಲುಪಿದ್ದು ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ಅಳೆದು, ರಿಫಂಡ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದಷ್ಟೇ ನಮ್ಮ ವಿಭಾಗದ ಕೆಲಸ. ಇಂದು: ‘ಕಡುಹಸಿರು’ ಎಂದು ಹೋದ ಪರದೆ ನೀಲಿ. ‘ಗಟ್ಟಿಮುಟ್ಟಾದ’ ಕುರ್ಚಿಗೆ ಮೂರೂವರೆ ಕಾಲು. ‘ಬೆಳದಿಂಗಳಂತಹ ಬೆಳಕು’ ಕೊಡಬೇಕಿದ್ದ ಟೇಬಲ್ ಲ್ಯಾಂಪು ಹಳದಿ. ಬೆಳದಿಂಗಳು ಹಳದಿಯೂ ಇರಬಹುದೆಂದು ಮಾರಿದವನ ವಾದ. ತಳ್ಳಿಹಾಕಿದೆ. ಉಪಮೆಯನ್ನು ವಿವರಣೆ ಎನ್ನಲಾಗದು.

ಪಕ್ಕದ ಮೇಜಿನಾಕೆ ಫೋನಿನಲ್ಲಿ ಎಲ್ಲರಿಗೂ ‘ಸಮಾಧಾನ ಮಾಡ್ಕೊಳ್ಳಿ’ ಎನ್ನುತ್ತಾಳೆ. ಹಾಗಾಗಿ ಆಕೆಯ ಹೆಸರೇ ಸಮಾಧಾನಿ. ಬೆನ್ನ ಹಿಂದೆ ನನಗೂ ಒಂದು ಹೆಸರಿದೆ — ಜಡ್ಜ್ ಸಾಹೇಬ್ರು. ಆಕ್ಷೇಪವಿಲ್ಲ.

“ಒಂದ್ಸಲನಾದ್ರೂ ಇಬ್ರೂ ಸರಿ ಅಂತ ಬರೀರಿ ಸರ್,” ಎಂದಳು.

“ಫಾರ್ಮಿನಲ್ಲಿ ಆ ಕಾಲಂ ಇಲ್ಲವಲ್ಲ,” ಎಂದೆ.

ಕಿಟಕಿಯಾಚೆ ಬಿಳಿ ಮೋಡ. ಫೋಟೋಗಳನ್ನೇ ನೋಡುತ್ತಿದ್ದರೆ ಈ ಹೊತ್ತಿಗೆ ವಸ್ತುಗಳು ತೇಲತೊಡಗುತ್ತವೆ. ಪರದೆ, ಕುರ್ಚಿ, ದೀಪ, ಯಾರದೋ ಮನೆಯ ಗೋಡೆ...

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 7.15

ಮಗಳು ನುಡಿಸುತ್ತಿದ್ದ ಕೀಬೋರ್ಡನ್ನು ನಮ್ಮ ಸೈಟಿನಲ್ಲೇ ಮಾರಾಟಕ್ಕೆ ಹಾಕಿದೆ. ಅವಳು ಹೋಗಿ ಹದಿನೈದು ತಿಂಗಳು. ಹನ್ನೊಂದು ದಿನದ ಜ್ವರ, ಹದಿನಾರು ವರ್ಷದ ಹುಡುಗಿ. ಕೋಣೆಯ ಬಾಗಿಲು ಹಾಗೆಯೇ ಮುಚ್ಚಿಕೊಂಡಿರುವುದು ಯಾರಿಗೂ ಹಿತವಲ್ಲ — ಇದು ನನ್ನ ನಿಲುವು. ಹೆಂಡತಿ ಒಂದು ವಾರ ಮಾತನಾಡಲಿಲ್ಲ. ಆಮೇಲೆ, “ನಿಮ್ಮಿಷ್ಟ ರೀ,” ಎಂದಳು. ಆ ಮಾತನ್ನು ಒಪ್ಪಿಗೆ ಎಂದೇ ದಾಖಲಿಸಿಕೊಂಡೆ.

ಪ್ಲಗ್ ಹಾಕಿ ನೋಡಿದೆ. ದೀಪ ಹೊತ್ತಿತು. ಅಷ್ಟು ಸಾಕು. ವಿವರಣೆಯನ್ನು ನಾನೇ ಬರೆದೆ: ‘ಅರವತ್ತೊಂದು ಕೀ. ಎಲ್ಲವೂ ಸುಸ್ಥಿತಿಯಲ್ಲಿವೆ. ನಡುವಣ ಒಂದು ಬಿಳಿ ಕೀಯ ಮೇಲೆ ಅಲಂಕಾರಕ್ಕಾಗಿ ಇಟ್ಟ ಕೆಂಪು ಚುಕ್ಕೆಯಿದೆ.’

ಹೆಂಡತಿ ಭುಜದ ಹಿಂದಿನಿಂದ ಓದಿದಳು. “ಅಲಂಕಾರನಾ?”

“ಮತ್ತೇನು?”

ಬಟ್ಟೆ ಮಡಿಸಲು ಹೋದಳು.

ಮಾರ್ಚ್ 7, ಶುಕ್ರವಾರ. ಸಂಜೆ 5.30

ಕೊರಿಯರ್‌ನವನು ಬಂದು ಒಯ್ದ. ಗೋಡೆಯ ಮೇಲೆ ಕೀಬೋರ್ಡಿನಷ್ಟೇ ಉದ್ದದ ತಿಳಿಬಣ್ಣದ ಪಟ್ಟಿ ಉಳಿದಿದೆ. ಧೂಳು ಅಷ್ಟು ಜಾಗವನ್ನು ಮುಟ್ಟಿರಲಿಲ್ಲ.

ಪ್ರತಿ ಸಂಜೆ ಮಗಳದು ಒಂದೇ ಹಾಡು. ಪ್ರತಿ ಸಲ ಒಂದೇ ಜಾಗದಲ್ಲಿ ಜಾರುತ್ತಿದ್ದಳು. ಮೊದಮೊದಲು ಅಲ್ಲಿ ಬಾಯಿಂದ ಒಂದು ಸ್ವರ ಹಾಡಿ ದಾಟಿಬಿಡುತ್ತಿದ್ದಳು. ನುಡಿಸುವುದಾದರೆ ನುಡಿಸು, ಹಾಡುವುದಾದರೆ ಹಾಡು, ಎರಡು ದೋಣಿಗಳಲ್ಲಿ ಕಾಲಿಡಬೇಡ ಎಂದಿದ್ದೆ. ಅನಂತರ ಆ ಜಾಗ ಖಾಲಿ. ಹಾಡಿನ ನಡುವೆ ಒಂದು ತೂತು. ಏಕಾಗ್ರತೆಯ ಕೊರತೆ.

ಹೆಂಡತಿ ಅವಳನ್ನು ಗುಬ್ಬಿ ಎನ್ನುತ್ತಾಳೆ, ಈಗಲೂ. ನಾನು ಎಂದೂ ಹಾಗೆ ಕರೆದವನಲ್ಲ. ಅಡ್ಡಹೆಸರು ಮಕ್ಕಳನ್ನು ಸಡಿಲ ಮಾಡುತ್ತದೆಂದು ನಂಬಿದ್ದೆ.

ಮಾರ್ಚ್ 12, ಬುಧವಾರ. ಬೆಳಿಗ್ಗೆ 11.10

ಸಮಾಧಾನಿ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು. ದನಿ ತಗ್ಗಿಸಿ: “ಸರ್... ಒಂದು ಕಂಪ್ಲೇಂಟ್ ಬಂದಿದೆ. ಮಾರಿದವರು ನೀವೇ. ನಿಮ್ಮ ಕೇಸನ್ನ ನೀವು ನೋಡೋ ಹಾಗಿಲ್ಲ ಅಂತ ನನಗೆ ಹಾಕಿದಾರೆ.”

ಕೊಂಡವನು ಒಬ್ಬ ಟೈಲರ್. ಅವನ ಪತ್ರವನ್ನು ಹಾಗೆಯೇ ನಕಲು ಮಾಡಿಕೊಳ್ಳುತ್ತೇನೆ:

‘ಸ್ವಾಮಿ, ವಯಸ್ಸಾದ್ಮೇಲೆ ಕಲಿಯೋಣ ಅಂತ ಆಸೆಯಿಂದ ತಗೊಂಡೆ. ಚುಕ್ಕೆ ಇರೋ ಕೀ ಒತ್ತಿದ್ರೆ ಸೌಂಡೇ ಬರಲ್ಲ. ಬರೆದೋರು ಅದನ್ನ ಅಲಂಕಾರ ಅಂದಿದಾರೆ. ನಾನು ನಲವತ್ತು ವರ್ಷದಿಂದ ಬಟ್ಟೆ ಮೇಲೆ ಚಾಕ್‌ಪೀಸಲ್ಲಿ ಗುರುತು ಹಾಕ್ತಾ ಬಂದಿದೀನಿ. ಗುರುತು ಯಾವ್ದು, ಅಲಂಕಾರ ಯಾವ್ದು ನಂಗೊತ್ತಾಗುತ್ತೆ. ಚುಕ್ಕೆ ಇಟ್ಟೋರಿಗೆ ಗೊತ್ತಿತ್ತು. ಬರೆದೋರಿಗೆ ಗೊತ್ತಿರ್ಲಿಲ್ಲ.’

ಉತ್ತರಕ್ಕೆ ಇಪ್ಪತ್ತೆರಡನೆಯ ತಾರೀಖಿನವರೆಗೆ ಗಡುವು. ಗೆದ್ದರೆ ಕೀಬೋರ್ಡ್ ಅವನಲ್ಲೇ ಉಳಿಯುತ್ತದೆ. ಒಪ್ಪಿಕೊಂಡರೆ ಮನೆಗೆ ಮರಳುತ್ತದೆ, ನನ್ನ ಸೇವಾ ದಾಖಲೆಯಲ್ಲಿ ‘ತಪ್ಪು ವಿವರಣೆ’ ಎಂಬ ಷರಾ.

ಕಾಲು ಗಂಟೆಯಲ್ಲಿ ಉತ್ತರ ಸಿದ್ಧವಾಯಿತು. ಒಂದು: ಚುಕ್ಕೆಯನ್ನು ಮುಚ್ಚಿಟ್ಟಿಲ್ಲ. ಎರಡು: ಫೋಟೋ ಸ್ಪಷ್ಟವಾಗಿದೆ. ಮೂರು: ಕೀ ಸಾಗಣೆಯಲ್ಲಿ ಕೆಟ್ಟಿರಬಹುದು. ಕಾಲೇಜಿಗೆ ಮೂರು ವರ್ಷ ಸತತವಾಗಿ ಚರ್ಚಾಸ್ಪರ್ಧೆಯ ಪರ್ಯಾಯ ಪಾರಿತೋಷಕ ತಂದುಕೊಟ್ಟವನಿಗೆ ಇದು ಯಾವ ಲೆಕ್ಕ?

ಕಳುಹಿಸಲು ಬೆರಳಿಟ್ಟೆ. ತೆಗೆದೆ. ದಾರಿಯಲ್ಲಿ ಕೆಟ್ಟಿದ್ದರೆ, ಸರಿಯಾಗಿ ಅದೇ ಕೀಯ ಮೇಲೆ ಮೊದಲೇ ಚುಕ್ಕೆ ಇಟ್ಟವರು ಯಾರು?

ಮಾರ್ಚ್ 13, ಗುರುವಾರ. ಸಂಜೆ 6

ಹೆಂಡತಿ ಮಹಡಿಯ ಮೇಲೆ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದಳು. ಕೇಳಿದೆ: “ಆ ಕೀ ಮೊದಲೇ ಕೆಟ್ಟಿತ್ತೇ?”

ಯಾವ ಕೀ ಎಂದು ಅವಳು ಕೇಳಲಿಲ್ಲ. “ಅವಳು ಹೋಗೋಕೆ ಎರಡು ವರ್ಷ ಮುಂಚೇನೇ ಕೆಟ್ಟಿತ್ತು ರೀ.”

“ನನಗೇಕೆ ಹೇಳಲಿಲ್ಲ?”

“ಗುಬ್ಬೀನೇ ಹೇಳಿದ್ಲಲ್ಲ. ಊಟಕ್ಕೆ ಕೂತಾಗ. ಅಪ್ಪಾ, ಒಂದು ಕೀ ಬರ್ತಿಲ್ಲ ಅಂದ್ಲು. ನೀವು ನಾಲ್ಕು ಪಾಯಿಂಟ್ ಹಾಕಿ, ಕೀ ಸರಿಯಾಗಿದೆ, ನಿನ್ನ ಬೆರಳೇ ಸರಿ ಇಲ್ಲ ಅಂತ ಸಾಬೀತು ಮಾಡಿದ್ರಿ. ಪಾಪ, ತಟ್ಟೆ ಎತ್ಕೊಂಡು ಎದ್ದುಹೋದ್ಲು. ಮಾರನೇ ದಿನ ನನ್ನ ಉಗುರುಬಣ್ಣ ತಗೊಂಡು ಚುಕ್ಕೆ ಇಟ್ಲು.”

“ಏಕೆ?”

“ಚುಕ್ಕೆ ಬಂದ್ರೆ ಒತ್ತೋದಲ್ಲ, ಹಾಡೋದು ಅಂತ. ಆಮೇಲೆ ನೀವು ಹಾಡೋದೂ ಬೇಡ ಅಂದ್ರಿ.”

ಕ್ಲಿಪ್ಪುಗಳನ್ನು ಒಂದೊಂದಾಗಿ ನನ್ನ ಅಂಗೈಗೆ ಹಾಕುತ್ತಲೇ ಹೇಳಿದಳು. ಕೋಪವಿರಲಿಲ್ಲ. ಇದ್ದಿದ್ದರೆ ಎದುರಾಡಬಹುದಿತ್ತು.

ಊಟದ ಮೇಜಿನ ಆ ಚರ್ಚೆ ನನಗೆ ನೆನಪೇ ಇಲ್ಲ. ಗೆದ್ದಿದ್ದೆನಲ್ಲ.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ 1.40

ಮೇಜಿನ ಬಳಿ ಕುಳಿತಲ್ಲೇ ಕಣ್ಣು ಹತ್ತಿತ್ತು. ಕಾಲೇಜಿನ ಸಭಾಂಗಣ. ಬೆಂಚುಗಳ ಮೇಲೆ ವಾಪಸು ಬಂದ ವಸ್ತುಗಳು. ಹಸಿರೆಂದು ಹೋಗಿದ್ದ ನೀಲಿ ಪರದೆ, ಮೂರೂವರೆ ಕಾಲಿನ ಕುರ್ಚಿ, ಬೆಳದಿಂಗಳಾಗದ ದೀಪ. ವೇದಿಕೆಯ ಆಚೆ ಬದಿಯಲ್ಲಿ, ಪ್ರತಿಪಕ್ಷದಲ್ಲಿ, ಮಗಳು. ಶಾಲೆಯ ಸಮವಸ್ತ್ರ, ಒಂದು ಜಡೆ ಬಿಚ್ಚಿದೆ. ಅವಳ ಸರದಿ ಬಂತು. ಕೀ ಒತ್ತಿದಳು. ಸದ್ದಿಲ್ಲ. ಸಮಯಪಾಲಕರು ಗಂಟೆ ಬಾರಿಸಿದರು. ಗಂಟೆಗೂ ಸದ್ದಿಲ್ಲ. ವಸ್ತುಗಳೆಲ್ಲ ಮುಂದಕ್ಕೆ ಬಾಗಿ, ತಲೆದೂಗುತ್ತ, ಏನನ್ನೋ ಕೇಳಿಸಿಕೊಳ್ಳುತ್ತಿದ್ದವು. ನಾನೊಬ್ಬನೇ ತಲೆ ತಗ್ಗಿಸಿ ಉತ್ತರ ಬರೆಯುತ್ತಿದ್ದೆ.

ಎಚ್ಚರವಾದಾಗ ಸಮಾಧಾನಿ ನನ್ನ ಕಿಟಕಿಯ ಪರದೆ ಎಳೆದಿದ್ದಳು. ಮುಖಕ್ಕೆ ಬಿಸಿಲು ಬೀಳದಂತೆ.

ಮಾರ್ಚ್ 22, ಶನಿವಾರ. ಬೆಳಿಗ್ಗೆ 10.30

ಕೊನೆಯ ದಿನ. ಮೂರು ಅಂಶಗಳ ಉತ್ತರವನ್ನು ಅಳಿಸಿದೆ. ಹೊಸದಾಗಿ ಬರೆದೆ:

‘ದೂರು ಸರಿಯಾಗಿದೆ. ವಿವರಣೆ ಬರೆದವನು ವಸ್ತುವನ್ನು ಪರೀಕ್ಷಿಸಿರಲಿಲ್ಲ. ಚುಕ್ಕೆ ಅಲಂಕಾರವಲ್ಲ, ಎಚ್ಚರಿಕೆ. ನುಡಿಸುತ್ತಿದ್ದವಳಲ್ಲಿ ಯಾವ ದೋಷವೂ ಇರಲಿಲ್ಲ.’

ಸಮಾಧಾನಿ ಎರಡು ಸಲ ಓದಿದಳು.

“ಸರ್, ಕೊನೇ ಸಾಲು ಕೇಸಿಗೆ ಸಂಬಂಧ ಇಲ್ಲ. ತೆಗೆದುಬಿಡ್ಲಾ?”

“ಇರಲಿ.”

“ದಾಖಲೆಗೆ ಹೋಗುತ್ತೆ ಸರ್.”

“ಹೋಗಲಿ ಎಂದೇ ಬರೆದದ್ದು.”

“ಸಮಾಧಾ...” ಎಂದವಳು ಅರ್ಧಕ್ಕೆ ನಿಲ್ಲಿಸಿದಳು. ಅವಳು ಆ ಮಾತನ್ನು ನುಂಗಿಕೊಂಡದ್ದನ್ನು ಇದೇ ಮೊದಲು ಕಂಡೆ. ತನ್ನ ಮೇಜಿಗೆ ಹೋಗಿ ಫೈಲ್ ಕ್ಲೋಸ್ ಮಾಡಿದಳು.

ಮಾರ್ಚ್ 28, ಶುಕ್ರವಾರ. ಸಂಜೆ 6.20

ಪಾರ್ಸೆಲ್ ಬಂತು. ಹೆಂಡತಿ ಕತ್ತರಿ ಬಳಸಲಿಲ್ಲ. ಉಗುರಿನಿಂದಲೇ ಅಂಟುಪಟ್ಟಿ ಬಿಡಿಸಿದಳು, ತುಂಬ ಹೊತ್ತು. ಒಳಗೆ ಕೀಬೋರ್ಡಿಗೆ ಬೂದುಬಣ್ಣದ ಬಟ್ಟೆಯ ಹೊದಿಕೆ. ಅಳತೆಗೆ ಹೊಲಿದದ್ದು, ಒಂದು ಹೊಲಿಗೆಯೂ ಅತ್ತಿತ್ತ ಆಗಿಲ್ಲ. ನಡುವೆ, ಸರಿಯಾಗಿ ಆ ಕೀಯ ನೇರಕ್ಕೆ, ಕೆಂಪು ದಾರದಲ್ಲಿ ಸಣ್ಣದೊಂದು ಚುಕ್ಕೆ. ಜೊತೆಗೊಂದು ಚೀಟಿ: ‘ನಿಮ್ಮ ಉತ್ತರ ಓದಿದೆ ಸ್ವಾಮಿ. ಧೂಳು ಕೂರ್ಬಾರ್ದು ಅಂತ ಹೊದಿಕೆ. ಇದರ ಮೇಲಿನ ಚುಕ್ಕೆ ಮಾತ್ರ ಅಲಂಕಾರಾನೇ.’

ಹೆಂಡತಿ ನಕ್ಕಳು. ಈ ಮನೆಯಲ್ಲಿ ಆ ಸದ್ದು ಕೇಳಿ ಎಷ್ಟು ದಿನವಾಗಿತ್ತು! ಮರುಕ್ಷಣ ಅದೇ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು.

“ರಿಪೇರಿಯವರನ್ನು ಕರೆಸಲೇ?” ಎಂದೆ.

“ಬೇಡ ರೀ. ಹಾಗೇ ಇರ್ಲಿ.”

ವಾದಿಸಲಿಲ್ಲ. ಗೋಡೆಯ ತಿಳಿ ಪಟ್ಟಿಗೆ ಸರಿಯಾಗಿ ಇಬ್ಬರೂ ಸೇರಿ ಇಟ್ಟೆವು.

ಮಾರ್ಚ್ 30, ಭಾನುವಾರ. ಸಂಜೆ 4.20

ಬಿಸಿಲು ಕೋಣೆಯ ಅರ್ಧದವರೆಗೆ ಬಂದು ನಿಂತಿದೆ. ಬಾಗಿಲು ತೆರೆದಿದೆ. ಊಟದ ಮೇಜಿನ ಬಳಿ ಕುಳಿತು ಬರೆಯುತ್ತಿದ್ದೇನೆ. ಒಳಗೆ ಹೆಂಡತಿ ಒಂದೇ ಬೆರಳಿನಲ್ಲಿ ಮಗಳ ಹಾಡನ್ನು ಹುಡುಕುತ್ತಿದ್ದಾಳೆ. ಬೆಳಕಿನಲ್ಲಿ ಧೂಳಿನ ಕಣಗಳು ಮೆಲ್ಲಗೆ ಮೇಲೇರುತ್ತಿವೆ, ಯಾರೋ ಊದಿದಂತೆ...

ಮೊದಲ ಸಲ ಚುಕ್ಕೆಯ ಬಳಿ ತಾನೇ ಆ ಸ್ವರ ಹಾಡಿ ದಾಟಿದಳು. ಎರಡನೆಯ ಸಲವೂ. ಮೂರನೆಯ ಸಲ ಅಲ್ಲಿ ನಿಂತಳು. ಖಾಲಿ. ಆ ತೂತು ನನಗೆ ಗೊತ್ತು. ಎರಡು ವರ್ಷ ಅದನ್ನು ಈ ಕುರ್ಚಿಯಿಂದಲೇ ಕೇಳಿದ್ದೇನೆ.

“ರೀ,” ಎಂದಳು. ಅಷ್ಟೇ.

ನನಗೆ ಹಾಡಲು ಬಾರದು ಎಂಬುದಕ್ಕೆ ನಾಲ್ಕು ಪಾಯಿಂಟುಗಳಿವೆ. ಒಂದನೆಯದು —

ಮತ್ತೆ ಮೊದಲಿನಿಂದ ಹಿಡಿದಿದ್ದಾಳೆ. ನಿಧಾನವಾಗಿ, ನನಗಾಗಿಯೇ ನಿಧಾನವಾಗಿ. ಬರೆಯುತ್ತ ಕುಳಿತರೆ ನನ್ನ ಸ್ವರ ತಪ್ಪಿಹೋಗುತ್ತದೆ. ಚುಕ್ಕೆಗೆ ಇನ್ನು ಐದು ಸ್ವರ. ಮೂರು. ಗುಬ್ಬೀ, ಇದು —